ಆಟಕ್ಕೆ ಮೊದಲಿನ ಹದಿನೈದು ನಿಮಿಷ: ಡ್ರಿಲ್, ಬಾಸ್ಕೆಟ್‌ಬಾಲ್ ಮತ್ತು ಮೈ ಬಿಸಿಯ ಚರಿತ್ರೆ

ನಮ್ಮ ಶಾಲೆಯ ಮುರಕಲ್ಲಿನ ಅಂಗಳದಲ್ಲಿ ತಲೆಮಾರುಗಳಿಂದ ಒಂದು ದೃಶ್ಯ ತಪ್ಪದೆ ನಡೆದುಬಂದಿದೆ. ಗಂಟೆ ಬಾರಿಸುತ್ತದೆ. ಮಕ್ಕಳು ಹೊರಗೆ ಓಡಿಬರುತ್ತಾರೆ. ಅವರ ಕಣ್ಣೆಲ್ಲ ಚೆಂಡಿನ ಮೇಲೆ. ಚೆಂಡು ಮಾತ್ರ ಮಾಷ್ಟ್ರ ಕಂಕುಳಲ್ಲಿ. “ಮೊದಲು ಡ್ರಿಲ್, ಆಮೇಲೆ ಆಟ” ಎಂಬ ಅಪ್ಪಣೆಯಾಗುತ್ತದೆ. ಕೈ ಮುಂದಕ್ಕೆ, ಕೈ ಮೇಲಕ್ಕೆ, ಕೈ ಬದಿಗೆ, ಕೈ ಕೆಳಕ್ಕೆ. ಒಂದು, ಎರಡು, ಮೂರು, ನಾಲ್ಕು. ಎಂಬತ್ತು ದಾಟಿದ ಹಿರಿಯ ವಿದ್ಯಾರ್ಥಿಯನ್ನು ಕೇಳಿದರೂ, ಇಂದು ಏಳನೆಯ ತರಗತಿಯಲ್ಲಿ ಕುಳಿತಿರುವ ಅವರ ಮೊಮ್ಮಗಳನ್ನು ಕೇಳಿದರೂ ಆ ಎಣಿಕೆಯ ರಾಗ ಒಂದೇ. ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಕಟ್ಟಡಗಳ ಚರಿತ್ರೆ ಬರುತ್ತದೆ, ಅಧ್ಯಾಪಕರ ಚರಿತ್ರೆ ಬರುತ್ತದೆ. ಆ ಹದಿನೈದು ನಿಮಿಷಗಳಿಗೂ ಒಂದು ಚರಿತ್ರೆಯಿದೆ. ಅದನ್ನು ಬರೆಯುವ ಹೊಣೆಯನ್ನು ನಾನು ಕೇಳಿ ಪಡೆದುಕೊಂಡೆ. ಅದಕ್ಕೊಂದು ಕಾರಣವಿದೆ.

ಇದೇ ಶಾಲೆಯಲ್ಲಿ ಓದಿ, ಮುಂದೆ ಇಲ್ಲಿಯೇ ದೈಹಿಕ ಶಿಕ್ಷಕನಾಗಿ ದುಡಿದವನು ನಾನು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನವೆಂಬರ್ ತಿಂಗಳ ಒಂದು ತಂಪು ಮುಂಜಾನೆ, ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಜಿಲ್ಲಾ ಮಟ್ಟದ ಪಂದ್ಯಕ್ಕೆ ಇಳಿದಿತ್ತು. ಆಟಕ್ಕೆ ಮೊದಲು ಎಲ್ಲರನ್ನೂ ನೆಲದ ಮೇಲೆ ಕುಳ್ಳಿರಿಸಿ, ಕಾಲು ಚಾಚಿಸಿ, ಬೆರಳು ಮುಟ್ಟಿಸಿ, ಒಂದೊಂದು ಭಂಗಿಯನ್ನು ಬಹಳ ಹೊತ್ತು ಹಿಡಿಸಿದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬದಲಿ ಆಟಗಾರ್ತಿಯಾಗಿ ಬೆಂಚಿನ ಮೇಲೆ ಕುಳಿತಿದ್ದಳು. ಪಂದ್ಯ ಮುಗಿಯಲು ಹತ್ತು ನಿಮಿಷವಿರುವಾಗ ನಮ್ಮ ಮುಖ್ಯ ಆಟಗಾರ್ತಿ ಐದನೆಯ ಫೌಲ್ ಮಾಡಿ ಹೊರಬಂದಳು. ಬೆಂಚಿನಲ್ಲಿದ್ದವಳನ್ನು ಎಬ್ಬಿಸಿ ಒಳಗೆ ಕಳುಹಿಸಿದೆ. ಎರಡನೆಯ ನಿಮಿಷದಲ್ಲಿ ಆಕೆ ಚೆಂಡಿಗಾಗಿ ಜಿಗಿದು ಕೆಳಗಿಳಿಯುವಾಗ ಮೊಣಕಾಲು ತಿರುಚಿತು. ಆಮೇಲೆ ಆಕೆ ಆಡಲೇ ಇಲ್ಲ.

ಆ ಹುಡುಗಿ ಇಂದು ತಾಯಿ. ಅವರ ಮಗಳು ಇದೇ ಶಾಲೆಯಲ್ಲಿ ಚೆಂಡು ಹಿಡಿದಿದ್ದಾಳೆ. ಕಳೆದ ವರ್ಷ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ಅವರು ಮೆಲ್ಲನೆ ಕೇಳಿದರು: “ಮಾಷ್ಟ್ರೇ, ಅಂದು ಮೈ ಬಿಸಿಯಿಲ್ಲದೆ ಇಳಿದದ್ದರಿಂದಲೇ ನನಗೆ ಹಾಗಾಯಿತೇ?” ನಾನು ಥಟ್ಟನೆ ಉತ್ತರಿಸಲಾರದೆ ಹೋದೆ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಹಳೆಯ ಅರಿವು

ದೊಡ್ಡ ಶ್ರಮಕ್ಕೆ ಮೊದಲು ಚಿಕ್ಕ ಶ್ರಮ ಬೇಕೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ಕಳರಿಯಲ್ಲಿ ಕತ್ತಿ ಗುರಾಣಿಗಳನ್ನು ಮುಟ್ಟುವ ಮೊದಲು ಮೈಪಯಟ್ಟ್ ಆಗಬೇಕು. ಕಾಲು ಬೀಸುವುದು, ಬಾಗುವುದು, ಹೊರಳುವುದು, ಜಿಗಿಯುವುದು ಎಲ್ಲವೂ ಕ್ರಮವಾಗಿ ಪಳಗಿದ ಮೇಲೆಯೇ ಆಯುಧ. ಗರಡಿಮನೆಯ ಪೈಲ್ವಾನನೂ ದಂಡ ಬೈಠಕ್‌ಗಳಿಂದ ಬೆವರು ಹರಿಸಿದ ಮೇಲೆಯೇ ಜೋಡಿಯನ್ನು ಕರೆಯುತ್ತಾನೆ. ನಮ್ಮ ಯಕ್ಷಗಾನದ ರಂಗದಲ್ಲಿಯೂ ಅಷ್ಟೆ: ಚೌಕಿಪೂಜೆಯಾಗಿ, ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಕುಣಿದು ಪೂರ್ವರಂಗ ಮುಗಿದ ಮೇಲೆ ಪ್ರಸಂಗ ಮೊದಲಾಗುತ್ತದೆ. ಎಳೆಯ ಕಲಾವಿದರ ಹೆಜ್ಜೆ ಪಳಗುವುದೂ, ಭಾಗವತರ ಕಂಠ, ಚೆಂಡೆ ಮದ್ದಳೆಗಳ ಕೈ ಹದಕ್ಕೆ ಬರುವುದೂ ಅಲ್ಲಿಯೇ.

ಈ ಅರಿವು ಅನುಭವದ್ದು. ಏಕೆ ಹೀಗೆ ಎಂದು ಕೇಳಿದರೆ ಗುರುಗಳು “ಮೈ ಒಡಂಬಡಬೇಕು” ಎನ್ನುತ್ತಿದ್ದರು. ಎಷ್ಟು ಹೊತ್ತು, ಯಾವ ಬಗೆಯ ಚಲನೆ, ಅದರಿಂದ ಎಷ್ಟು ಲಾಭ ಎಂಬ ಲೆಕ್ಕ ಬಹಳ ಕಾಲದ ನಂತರದ್ದು. ಆ ಲೆಕ್ಕದ ದಾರಿ ವಿಚಿತ್ರವಾದ ತಿರುವುಗಳದ್ದು.

ಡ್ರಿಲ್ ಹುಟ್ಟಿದ ಬಗೆ, ಆಟ ಹುಟ್ಟಿದ ಬಗೆ

ನಮ್ಮ ಅಂಗಳದ “ಒಂದು ಎರಡು ಮೂರು ನಾಲ್ಕು” ಯುರೋಪಿನಿಂದ ಬಂತು. ಬರ್ಲಿನ್ನಿನಲ್ಲಿ ಫ್ರೀಡ್ರಿಕ್ ಲುಡ್‌ವಿಗ್ ಯಾನ್ 1811ರಲ್ಲಿ ಬಯಲು ವ್ಯಾಯಾಮಶಾಲೆಯನ್ನು ತೆರೆದು ಅಡ್ಡಕಂಬಿ, ಜೋಡಿಕಂಬಿಗಳ ಸಾಧನೆಗೆ ಯುವಕರನ್ನು ಹಚ್ಚಿದನು. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಜಾಶ್ರಯದ ವ್ಯಾಯಾಮ ಸಂಸ್ಥೆಯನ್ನು ಸ್ಥಾಪಿಸಿದನು. ಹೆಚ್ಚಿನ ಸಾಧನಗಳಿಲ್ಲದೆ, ಅಪ್ಪಣೆಗೆ ತಕ್ಕಂತೆ, ಅಂಗಾಂಗಗಳನ್ನು ಕ್ರಮವಾಗಿ ಚಲಿಸುವ ಲಿಂಗನ ಪದ್ಧತಿ ಸೈನ್ಯಕ್ಕೂ ಶಾಲೆಗೂ ಒಗ್ಗಿತು. ಒಬ್ಬ ಶಿಕ್ಷಕ, ನೂರು ಮಕ್ಕಳು, ಒಂದು ಬಯಲು; ಇಷ್ಟಿದ್ದರೆ ಸಾಕು. ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಅದು ಅಮೆರಿಕದವರೆಗೂ ಹಬ್ಬಿತು. ಅಲ್ಲಿಯೇ ಅದರ ಮೇಲೆ ಬೇಸರವೂ ಹುಟ್ಟಿತು.

1891ರ ಚಳಿಗಾಲ. ಮೆಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈ.ಎಂ.ಸಿ.ಎ. ತರಬೇತಿ ಶಾಲೆ. ಹಿಮ ಬೀಳುವ ತಿಂಗಳುಗಳಲ್ಲಿ ಹೊರಗೆ ಆಡುವಂತಿಲ್ಲ. ಒಳಗೆ ಅದೇ ಕವಾಯತು, ಅದೇ ಕೈಕಾಲು ಎಣಿಕೆ. ವಯಸ್ಸಿಗೆ ಬಂದ ವಿದ್ಯಾರ್ಥಿಗಳ ಒಂದು ತರಗತಿ ಅದನ್ನು ಸಹಿಸಲಾರದೆ ಗಲಾಟೆಗೆ ಹೆಸರಾಗಿತ್ತು. ಮುಖ್ಯಸ್ಥ ಲೂಥರ್ ಗುಲಿಕ್ ಆ ತರಗತಿಯನ್ನು ಕೆನಡಾ ಮೂಲದ ಮೂವತ್ತು ವರ್ಷದ ಶಿಕ್ಷಕ ಜೇಮ್ಸ್ ನೈಸ್ಮಿತ್‌ಗೆ ಒಪ್ಪಿಸಿ, ಒಳಾಂಗಣಕ್ಕೆ ಒಂದು ಹೊಸ ಆಟವನ್ನು ರೂಪಿಸಲು ಹದಿನಾಲ್ಕು ದಿನಗಳ ಗಡುವು ಕೊಟ್ಟನು. ನೈಸ್ಮಿತ್ ಹದಿಮೂರು ನಿಯಮಗಳನ್ನು ಬರೆದನು. ಶಾಲೆಯ ಜವಾನನಲ್ಲಿ ಎರಡು ಪೆಟ್ಟಿಗೆ ಕೇಳಿದಾಗ ಸಿಕ್ಕಿದ್ದು ಪೀಚ್ ಹಣ್ಣಿನ ಎರಡು ಬುಟ್ಟಿ. ಅವುಗಳನ್ನು ಹತ್ತು ಅಡಿ ಎತ್ತರದ ಮೊಗಸಾಲೆಗೆ ಹೊಡೆದರು. ಆ ಹತ್ತು ಅಡಿ ಇಂದಿಗೂ ಬದಲಾಗಿಲ್ಲ. ಡಿಸೆಂಬರ್ 21ರಂದು ಹದಿನೆಂಟು ಮಂದಿ, ಒಂಬತ್ತು ಒಂಬತ್ತರ ಎರಡು ತಂಡಗಳಾಗಿ, ಕಾಲ್ಚೆಂಡನ್ನೇ ಕೈಯಲ್ಲಿ ಹಿಡಿದು ಆಡಿದರು. ಬುಟ್ಟಿಗೆ ಬಿದ್ದದ್ದು ಒಂದೇ ಚೆಂಡು.

ಡ್ರಿಲ್ಲಿನ ಬೇಸರದಿಂದ ಪಾರಾಗಲು ಹುಟ್ಟಿದ ಆಟ ಬಾಸ್ಕೆಟ್‌ಬಾಲ್. ಆದರೆ ಆಟ ಬೆಳೆದು ಸ್ಪರ್ಧೆಯಾದಂತೆ ಅದೇ ಡ್ರಿಲ್ ಹಿಂಬಾಗಿಲಿನಿಂದ ಒಳಗೆ ಬಂದು, ಆಟಕ್ಕೆ ಮುಂಚಿನ “ವಾರ್ಮ್ ಅಪ್” ಎಂಬ ಹೊಸ ಹೆಸರಿನಲ್ಲಿ ನೆಲೆಯೂರಿತು.

ಸ್ಪ್ರಿಂಗ್‌ಫೀಲ್ಡ್‌ನಿಂದ ಮದ್ರಾಸಿಗೆ, ಮದ್ರಾಸಿನಿಂದ ನಮ್ಮ ಕರಾವಳಿಗೆ

ಸ್ಪ್ರಿಂಗ್‌ಫೀಲ್ಡ್‌ನ ಗಾಳಿ ನಮ್ಮ ಕಡೆಗೂ ಬೀಸಿತು. ಅಲ್ಲಿ ಓದಿದ ಹ್ಯಾರಿ ಕ್ರೋ ಬಕ್ ಮದ್ರಾಸಿಗೆ ಬಂದು, 1920ರಲ್ಲಿ ವೈ.ಎಂ.ಸಿ.ಎ.ಯ ಆಶ್ರಯದಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ಆರಂಭಿಸಿದರು. ಮುಂದೆ ಅದು ಕಾಲೇಜಾಗಿ ಬೆಳೆದು, ದೇಶದ ಉದ್ದಗಲಕ್ಕೂ ದೈಹಿಕ ಶಿಕ್ಷಕರನ್ನು ಕೊಟ್ಟಿತು. ಬಕ್ ಅವರು 1943ರಲ್ಲಿ ತೀರಿಕೊಳ್ಳುವವರೆಗೂ ಅದರ ಬೆನ್ನೆಲುಬಾಗಿದ್ದರು.

ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾಗುವವರೆಗೆ ನಮ್ಮ ಶಾಲೆಗಳ ಪಾಠಪಟ್ಟಿ, ಪರೀಕ್ಷೆ, ಇನ್‌ಸ್ಪೆಕ್ಟರು ಎಲ್ಲವೂ ಮದ್ರಾಸಿನ ಕಡೆಯಿಂದಲೇ. ನಮ್ಮ ಶಾಲೆ ಬಾಗಿಲು ತೆರೆದದ್ದು ಮದ್ರಾಸಿನ ಆ ಸಂಸ್ಥೆ ಇನ್ನೂ ಎಳೆಯದಾಗಿದ್ದಾಗ. ಕವಾಯತು ಮಾಡಿಸುವವರನ್ನು ನಾವು “ಡ್ರಿಲ್ ಮಾಷ್ಟ್ರು” ಎಂದೇ ಕರೆದೆವು. ಅಟೆನ್ಷನ್, ಸ್ಟಾಂಡ್ ಅಟ್ ಈಸ್ ಎಂಬ ಅಪ್ಪಣೆ ಇಂಗ್ಲಿಷಿನದು. ಎಣಿಕೆ ಮಾತ್ರ ಕನ್ನಡದ್ದು. ರಾಜ್ಯ ಬದಲಾಯಿತು, ಪಠ್ಯ ಬದಲಾಯಿತು, ಕಚೇರಿಯ ಕಾಗದದ ಭಾಷೆ ಬದಲಾಯಿತು. ಅಂಗಳದ ಎಣಿಕೆ ಬದಲಾಗಲಿಲ್ಲ.

ನಮ್ಮದು ಕಬಡ್ಡಿ ಮತ್ತು ವಾಲಿಬಾಲ್‌ನ ನಾಡು. ಹಿರಿಯ ವಿದ್ಯಾರ್ಥಿಗಳು ಹಣ ಕೂಡಿಸಿ ಎರಡು ಕಂಬ ನಿಲ್ಲಿಸಿದ ಮೇಲೆಯೇ ಇಲ್ಲಿ ಬಾಸ್ಕೆಟ್‌ಬಾಲ್ ಬೇರೂರಿದ್ದು. ಆದರೆ ಈ ಆಟ ಮೈಯಿಂದ ಕೇಳುವುದು ಬಹಳ. ಓಡುವವನು ತಟ್ಟನೆ ನಿಲ್ಲಬೇಕು, ನಿಂತವನು ತಟ್ಟನೆ ತಿರುಗಬೇಕು, ನಿಂತಲ್ಲಿಂದಲೇ ಜಿಗಿಯಬೇಕು, ಜಿಗಿದವನು ಹತ್ತು ಕಾಲುಗಳ ನಡುವೆ ಇಳಿಯಬೇಕು. ಹೀಗಾಗಿ ಮೈ ಬಿಸಿಯ ಪ್ರಶ್ನೆ ಈ ಆಟದಲ್ಲಿ ಬಲು ತೀಕ್ಷ್ಣವಾಗಿ ಎದುರಾಗುತ್ತದೆ.

ವಿಜ್ಞಾನದ ಹೌದು, ಅಲ್ಲ, ಹೌದು

1945ರಲ್ಲಿ ಡೆನ್ಮಾರ್ಕಿನ ಎರ್ಲಿಂಗ್ ಆಸ್ಮುಸೆನ್ ಮತ್ತು ಓವೆ ಬೋಯೆ ಎಂಬ ಇಬ್ಬರು ಶರೀರಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ, ಮೈ ಬಿಸಿಯಾದಾಗ ಒಮ್ಮೆ, ಆಗದಿದ್ದಾಗ ಒಮ್ಮೆ, ಒಂದೇ ಕೆಲಸವನ್ನು ಮಾಡಿಸಿ ಹೊತ್ತನ್ನು ಅಳೆದರು. ಬಿಸಿಯಾದ ಮೈ ಬೇಗ ಮುಗಿಸಿತು. ವ್ಯಾಯಾಮದಿಂದ ಬಂದ ಬಿಸಿಯ ಜೊತೆಗೆ ಬಿಸಿನೀರಿನಂಥ ಹೊರಗಿನ ಬಿಸಿಯನ್ನೂ ಅವರು ಪರೀಕ್ಷಿಸಿದರು. ಮುಖ್ಯವಾದದ್ದು ಸ್ನಾಯುವಿನ ಒಳಗಿನ ಉಷ್ಣತೆಯೆಂದು ಅವರ ನಿರ್ಣಯ.

ಕಾರಣ ಸರಳ. ಸುಮ್ಮನೆ ಕುಳಿತವನ ತೊಡೆಯ ಸ್ನಾಯು ದೇಹದ ಒಳಭಾಗಕ್ಕಿಂತ ತಣ್ಣಗಿರುತ್ತದೆ. ಚಲಿಸತೊಡಗಿದ ಮೂರರಿಂದ ಐದು ನಿಮಿಷಗಳಲ್ಲಿ ಅದರ ಉಷ್ಣತೆ ವೇಗವಾಗಿ ಏರಿ, ಹತ್ತರಿಂದ ಇಪ್ಪತ್ತು ನಿಮಿಷಗಳಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಬಿಸಿಯಾದ ಸ್ನಾಯು ಬಿಗಿತ ಬಿಡುತ್ತದೆ. ನರದ ಸಂದೇಶ ವೇಗವಾಗಿ ಹರಿಯುತ್ತದೆ. ರಕ್ತ ಆಮ್ಲಜನಕವನ್ನು ಸ್ನಾಯುವಿಗೆ ಇನ್ನಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ. ಒಲೆ ಹೊತ್ತಿಸಿದ ಕೂಡಲೇ ಅಕ್ಕಿ ಬೇಯುವುದಿಲ್ಲ, ನೀರು ಕುದಿಯಬೇಕು ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ.

ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1956ರಲ್ಲಿ ಪೀಟರ್ ಕಾರ್ಪೊವಿಚ್ ಮತ್ತು ಕ್ರೇಟನ್ ಹೇಲ್ ಎಂಬವರು ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, 440 ಗಜ ಓಡುವವರಲ್ಲಿ ಪೂರ್ವ ವ್ಯಾಯಾಮದಿಂದಾಗಲಿ ಅಂಗಮರ್ದನದಿಂದಾಗಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ ಎಂದರು. ಕಾರ್ಪೊವಿಚ್ ಕೆಲಸ ಮಾಡುತ್ತಿದ್ದದ್ದು ಬೇರೆಲ್ಲೂ ಅಲ್ಲ, ಬಾಸ್ಕೆಟ್‌ಬಾಲ್ ಹುಟ್ಟಿದ ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಮೈ ಬಿಸಿ ಮಾಡಿಕೊಂಡೆ ಎಂಬ ನಂಬಿಕೆಯೇ ಆಟಗಾರನನ್ನು ಚುರುಕುಗೊಳಿಸುತ್ತದೆಯೇ ಎಂಬ ಸಂಶಯವೂ ಎದ್ದಿತು. ಅದನ್ನು ಪರೀಕ್ಷಿಸಲು 1961ರಲ್ಲಿ ಕೆಲವು ಸಂಶೋಧಕರು, ತಾನು ವ್ಯಾಯಾಮ ಮಾಡಿದ್ದೇನೆಯೋ ಇಲ್ಲವೋ ಎಂಬ ನೆನಪೇ ಉಳಿಯದಂತೆ ಯುವಕರನ್ನು ಸಂಮೋಹನಕ್ಕೆ ಒಳಪಡಿಸಿ ಸೈಕಲ್ ತುಳಿಸಿದರು. ಎರಡೂ ಸಂದರ್ಭಗಳಲ್ಲಿ ವೇಗ ಒಂದೇ ಆಗಿತ್ತು!

ಹಾಗಾದರೆ ನಮ್ಮ ಡ್ರಿಲ್ ಮಾಷ್ಟ್ರು ಮಾಡಿಸಿದ್ದೆಲ್ಲ ವ್ಯರ್ಥವೇ? ವ್ಯತ್ಯಾಸವಿದ್ದದ್ದು ಪ್ರಮಾಣದಲ್ಲಿ. ಹಗುರವಾಗಿ, ಸ್ವಲ್ಪ ಹೊತ್ತು ಮಾಡಿದ ಚಲನೆಯಿಂದ ಸ್ನಾಯುವಿನ ಉಷ್ಣತೆ ಸಾಕಷ್ಟು ಏರುವುದಿಲ್ಲ. ಏರದಿದ್ದರೆ ಫಲವೂ ಕಾಣುವುದಿಲ್ಲ. 1979ರಲ್ಲಿ ಸ್ವೀಡನ್ನಿನ ಬರ್ಗ್ ಮತ್ತು ಎಕ್‌ಬ್ಲೋಮ್ ಸ್ನಾಯುವಿನ ಉಷ್ಣತೆಯನ್ನು ನೇರವಾಗಿ ಅಳೆದು, ಅದು ಸುಮಾರು 30ರಿಂದ 39 ಡಿಗ್ರಿ ಸೆಲ್ಸಿಯಸ್‌ವರೆಗೆ ಬದಲಾಗುವಾಗ ಜಿಗಿತ ಮತ್ತು ವೇಗ ಹೇಗೆ ಬದಲಾಗುತ್ತವೆಂದು ನೋಡಿದರು. ಒಂದು ಡಿಗ್ರಿ ಏರಿಕೆಗೆ ಶೇ. 4ರಿಂದ 6ರಷ್ಟು ಏರಿಕೆ ಕಂಡಿತು. ಲೆಕ್ಕಕ್ಕೆ ಹೇಳುವುದಾದರೆ, 50 ಸೆಂಟಿಮೀಟರು ಜಿಗಿಯುವ ಆಟಗಾರ್ತಿಗೆ ಒಂದು ಡಿಗ್ರಿಯಿಂದ ಎರಡು ಮೂರು ಸೆಂಟಿಮೀಟರು ಹೆಚ್ಚು ಎತ್ತರ. ರಿಂಗಿನ ಕೆಳಗೆ ಇಬ್ಬರು ಒಂದೇ ಚೆಂಡಿಗೆ ಕೈಚಾಚಿದಾಗ ತೀರ್ಮಾನವಾಗುವುದು ಅಷ್ಟರಲ್ಲಿಯೇ.

2010ರಲ್ಲಿ ಆಸ್ಟ್ರೇಲಿಯ ಮತ್ತು ಅಮೆರಿಕದ ವಿದ್ವಾಂಸರು ಅದುವರೆಗಿನ 32 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಅಳೆದ ಅಂಶಗಳಲ್ಲಿ ಶೇ. 79ರಲ್ಲಿ ಮೈ ಬಿಸಿ ಮಾಡಿದ್ದರಿಂದ ಲಾಭವೇ ಆಗಿತ್ತು. ಗುರುಗಳ “ಮೈ ಒಡಂಬಡಬೇಕು” ಎಂಬ ಮಾತಿಗೆ ಹೀಗೆ ಅಂಕಿಗಳ ಸಾಕ್ಷಿ ದೊರೆಯಿತು.

ನಾನು ಕಲಿಸಿದ ತಪ್ಪು

ಈಗ ನನ್ನ ಪಾಲಿನ ಮಾತು. 1970ರ ದಶಕದಿಂದ ಜಗತ್ತಿನ ಕ್ರೀಡಾಂಗಣಗಳಲ್ಲೆಲ್ಲ ಸ್ಟ್ರೆಚಿಂಗ್ ಎಂಬುದು ಬಲವಾಗಿ ಹಬ್ಬಿತು. ಸ್ನಾಯುವನ್ನು ಎಳೆದು, ಅಲುಗದೆ, ಅದೇ ಭಂಗಿಯಲ್ಲಿ ನಿಲ್ಲುವುದು. ಅದರಿಂದ ಪೆಟ್ಟು ತಪ್ಪುತ್ತದೆ, ಆಟ ಸುಧಾರಿಸುತ್ತದೆ ಎಂದು ನಾನೂ ಕಲಿತೆ, ಕಲಿತದ್ದನ್ನೇ ಕಲಿಸಿದೆ. ನನ್ನ ಗುರುಗಳ ಕಾಲದ ಓಟ, ಕುಣಿತ, ಕೈಬೀಸುವಿಕೆಗಳನ್ನು ಹಳೆಯದೆಂದು ಕಡಿಮೆ ಮಾಡಿ, ಮಕ್ಕಳನ್ನು ನೆಲದ ಮೇಲೆ ಕುಳ್ಳಿರಿಸಿದೆ.

1998ರಿಂದೀಚೆಗೆ ಬಂದ ಪ್ರಯೋಗಗಳು ಈ ನಂಬಿಕೆಯನ್ನು ಅಲುಗಾಡಿಸಿದವು. ದೀರ್ಘಕಾಲ ಎಳೆದು ಹಿಡಿದ ಸ್ನಾಯು, ಕೂಡಲೇ ಬಲ ಪ್ರಯೋಗಿಸಬೇಕಾದಾಗ ಸ್ವಲ್ಪ ಮಂಕಾಗಿರುತ್ತದೆ. 2013ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ 104 ಅಧ್ಯಯನಗಳನ್ನು ಕೂಡಿಸಿ ನೋಡಿ, ಇಂಥ ಸ್ಥಿರ ಸೆಳೆತದ ನಂತರ ಗರಿಷ್ಠ ಬಲ ಸರಾಸರಿ ಶೇ. 5.4ರಷ್ಟೂ, ಜಿಗಿತದಂಥ ಸ್ಫೋಟಕ ಚಲನೆ ಶೇ. 2ರಷ್ಟೂ ಕುಗ್ಗುತ್ತದೆಂದು ಕಂಡುಕೊಂಡಿತು. ಅರ್ಧ ನಿಮಿಷಕ್ಕಿಂತ ಕಡಿಮೆ ಹಿಡಿದರೆ ತೊಂದರೆ ಕಾಣದು. ಒಂದು ನಿಮಿಷ ದಾಟಿದರೆ ಕಾಣುತ್ತದೆ. ಪೆಟ್ಟು ತಪ್ಪಿಸುವ ವಿಷಯದಲ್ಲಿಯೂ ನಿರಾಸೆಯೇ. 2000ದಲ್ಲಿ ಆಸ್ಟ್ರೇಲಿಯದ ಸೈನ್ಯಕ್ಕೆ ಹೊಸದಾಗಿ ಸೇರಿದ 1538 ಯುವಕರ ಮೇಲೆ ನಡೆದ ಅಧ್ಯಯನದಲ್ಲಿ, ವ್ಯಾಯಾಮಕ್ಕೆ ಮೊದಲು ಸೆಳೆತ ಮಾಡಿದವರಿಗೂ ಮಾಡದವರಿಗೂ ಪೆಟ್ಟಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ.

ಸೆಳೆತವೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ಆಟ ಮುಗಿದ ಮೇಲೆ, ಅಥವಾ ಬೇರೆ ಹೊತ್ತಿನಲ್ಲಿ, ಮೈಯ ಬಾಗುವ ಗುಣ ಬೆಳೆಸಲು ಅದು ಬೇಕು. ಆದರೆ ಜಿಗಿಯಲು ಹೊರಟವರನ್ನು ಮೊದಲು ಕುಳ್ಳಿರಿಸಿ ಎಳೆಸಿದ್ದು, ತಣ್ಣನೆಯ ಮೈಗೆ ಮಾಡಿಸಿದ್ದು, ನನ್ನ ತಪ್ಪು. ಹಳಬರ ಕೈಬೀಸುವ ಡ್ರಿಲ್ಲೇ ಸತ್ಯಕ್ಕೆ ಹತ್ತಿರವಿತ್ತು.

ಪೆಟ್ಟು ತಪ್ಪಿಸುವ ವಿದ್ಯೆ

ನಮ್ಮಂಥ ಶಾಲೆಗಳಿಗೆ ಅತ್ಯಂತ ಉಪಯುಕ್ತವಾದ ಸಂಶೋಧನೆ ನಡೆದದ್ದು ಶಾಲಾ ಮಕ್ಕಳ ನಡುವೆಯೇ. 2006ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬಾಸ್ಕೆಟ್‌ಬಾಲ್ ಮತ್ತು ಫುಟ್‌ಬಾಲ್ ಆಡುವ 765 ಪ್ರೌಢಶಾಲಾ ಮಕ್ಕಳ ಅಧ್ಯಯನ ಹೊರಬಂತು. ಒಂಟಿಕಾಲಲ್ಲಿ ಸಮತೋಲ ಕಾಯುವ ಅಭ್ಯಾಸ ಮಾಡಿದವರಲ್ಲಿ ಕಾಲು ಉಳುಕುವ ಪ್ರಮಾಣ ಶೇ. 38ರಷ್ಟು ಇಳಿದಿತ್ತು. ಮರುವರ್ಷ ಕೆನಡಾದ ಕ್ಯಾಲ್ಗರಿಯಲ್ಲಿ 920 ಮಂದಿ ಪ್ರೌಢಶಾಲಾ ಬಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನವೂ ಸಮತೋಲದ ಅಭ್ಯಾಸದಿಂದ ಹಠಾತ್ ಪೆಟ್ಟುಗಳು ಕಡಿಮೆಯಾದದ್ದನ್ನು ತೋರಿಸಿತು.

ಎಲ್ಲಕ್ಕಿಂತ ನನ್ನ ಮನಸ್ಸನ್ನು ತಟ್ಟಿದ್ದು 2011ರಲ್ಲಿ ಪ್ರಕಟವಾದ ಶಿಕಾಗೋ ನಗರದ ಅಧ್ಯಯನ. ಅಲ್ಲಿನ ಸರಕಾರಿ ಪ್ರೌಢಶಾಲೆಗಳ, ಹೆಚ್ಚಿನಂಶ ಬಡ ಕುಟುಂಬಗಳ, ಬಾಸ್ಕೆಟ್‌ಬಾಲ್ ಮತ್ತು ಫುಟ್‌ಬಾಲ್ ಆಡುವ 1492 ಹುಡುಗಿಯರು. ಅವರ ತರಬೇತುದಾರರಲ್ಲಿ ಅರ್ಧದಷ್ಟು ಮಂದಿಗೆ ಇಪ್ಪತ್ತು ನಿಮಿಷಗಳ ಒಂದು ವಾರ್ಮ್ ಅಪ್ ಕಲಿಸಲಾಯಿತು: ಓಟ, ಬಲ ಹೆಚ್ಚಿಸುವ ಚಲನೆ, ಸಮತೋಲ, ಜಿಗಿದು ಮೊಣಕಾಲು ಬಾಗಿಸಿ ಮೆತ್ತಗೆ ಇಳಿಯುವ ಕ್ರಮ. ದುಬಾರಿ ಯಂತ್ರವಿಲ್ಲ, ತಜ್ಞ ವೈದ್ಯರಿಲ್ಲ. ಶಾಲೆಯ ತರಬೇತುದಾರರೇ ಮಾಡಿಸಿದರು. ಆ ಹುಡುಗಿಯರಲ್ಲಿ, ಇನ್ನೊಬ್ಬರು ತಾಗದೆ ತಾನಾಗಿ ಸಂಭವಿಸುವ ಕಾಲಿನ ಪೆಟ್ಟುಗಳು ಸ್ಪಷ್ಟವಾಗಿ ಕಡಿಮೆಯಾದವು. ಮರುವರ್ಷ ಇಟಲಿಯಲ್ಲಿ, ಫುಟ್‌ಬಾಲಿಗಾಗಿ ಸಿದ್ಧವಾದ ಇಂಥದೇ ಕ್ರಮವನ್ನು 121 ಮಂದಿ ಬಾಸ್ಕೆಟ್‌ಬಾಲ್ ಆಟಗಾರರ ಮೇಲೆ ಪ್ರಯೋಗಿಸಿದಾಗಲೂ ಪೆಟ್ಟುಗಳು ಇಳಿದವು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕಾಲನ್ನು ಕಾಪಾಡಿದ್ದು ಬರಿಯ ಬಿಸಿಯಲ್ಲ. ವಾರಗಟ್ಟಲೆ ದಿನದಿನವೂ ಮಾಡಿದ ಅಭ್ಯಾಸದಿಂದ ಮೈ ಕಲಿತ ಪಾಠ ಅದು. ಇಳಿಯುವಾಗ ಮೊಣಕಾಲು ಒಳಕ್ಕೆ ವಾಲಬಾರದೆಂಬುದನ್ನು ಪಂದ್ಯದ ದಿನ ಬೆಳಿಗ್ಗೆ ಕಲಿಸಲಾಗದು.

ಬೆಂಚಿನ ಮೇಲೆ ಕುಳಿತವರು

ಬಿಸಿಯಾದ ಮೈ ಬಿಸಿಯಾಗಿಯೇ ಉಳಿಯುವುದಿಲ್ಲ. 2004ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಫುಟ್‌ಬಾಲ್ ಆಟಗಾರರ ಸ್ನಾಯುವಿನ ಉಷ್ಣತೆಯನ್ನು ವಿರಾಮದ ವೇಳೆ ಅಳೆದರು. ಸುಮ್ಮನೆ ಕುಳಿತವರಲ್ಲಿ ಅದು ಸುಮಾರು 2 ಡಿಗ್ರಿ ಇಳಿದು, ಅವರ ವೇಗವೂ ಕುಗ್ಗಿತ್ತು; ವಿರಾಮ ಮುಗಿಯುವ ಮೊದಲು ಹಗುರವಾಗಿ ಓಡಿದವರಲ್ಲಿ ಹಾಗಾಗಲಿಲ್ಲ. 2012ರಲ್ಲಿ ಗ್ರೀಸ್ ದೇಶದವರು ಬಾಸ್ಕೆಟ್‌ಬಾಲ್ ಆಟಗಾರರನ್ನೇ ತೆಗೆದುಕೊಂಡು, ವಾರ್ಮ್ ಅಪ್ ಆದ ಮೇಲೆ 10, 20, 30, 40 ನಿಮಿಷ ಕುಳ್ಳಿರಿಸಿ ಪರೀಕ್ಷಿಸಿದರು. ಕುಳಿತಷ್ಟೂ ಜಿಗಿತ ಕುಗ್ಗುತ್ತ, ಓಟ ನಿಧಾನವಾಗುತ್ತ ಹೋಯಿತು.

ಈ ಅಧ್ಯಯನವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದು ಬೆಂಚಿನ ಮೇಲೆ ನಾನು ಆ ಹುಡುಗಿಯನ್ನು ಕುಳ್ಳಿರಿಸಿದ್ದು ಮುಕ್ಕಾಲು ಗಂಟೆಗೂ ಹೆಚ್ಚು.

ಆ ತಾಯಿಗೆ ನನ್ನ ಉತ್ತರ ಹೀಗೆ. ಒಂದು ಪೆಟ್ಟಿಗೆ ಒಂದೇ ಕಾರಣವನ್ನು ಬೊಟ್ಟು ಮಾಡಿ ತೋರಿಸಲು ಯಾವ ವಿಜ್ಞಾನಕ್ಕೂ ಆಗದು. ಮೈ ಚೆನ್ನಾಗಿ ಬಿಸಿಯಾಗಿದ್ದ ಆಟಗಾರರ ಮೊಣಕಾಲೂ ತಿರುಚಿದ್ದುಂಟು. ಆದರೆ ಪೆಟ್ಟಿನ ಸಂಭವವನ್ನು ಕಡಿಮೆ ಮಾಡುವ ಮೂರು ಉಪಾಯಗಳಿದ್ದವು: ವಾರಗಟ್ಟಲೆ ಇಳಿಯುವ ಕ್ರಮದ ಅಭ್ಯಾಸ, ಪಂದ್ಯದ ಮುನ್ನ ಚಲನೆಯ ವಾರ್ಮ್ ಅಪ್, ಬೆಂಚಿನಿಂದ ಏಳುವ ಮೊದಲು ನಾಲ್ಕು ನಿಮಿಷದ ಓಟ. ಮೂರನ್ನೂ ನಾನು ಮಾಡಿಸಿರಲಿಲ್ಲ. ತಪ್ಪು ನಿಮ್ಮದಾಗಿರಲಿಲ್ಲ. ಅದನ್ನು ಇಷ್ಟು ವರ್ಷ ಹೇಳದೆ ಉಳಿದದ್ದಕ್ಕೆ ಕ್ಷಮೆ ಕೇಳುತ್ತೇನೆ.

ಮುಂದಿನ ಶತಮಾನದ ಅಂಗಳಕ್ಕೆ

2007ರಲ್ಲಿ ಬ್ರಿಟನ್ನಿನ ತರಬೇತುದಾರ ಇಯಾನ್ ಜೆಫ್ರಿಸ್ ವಾರ್ಮ್ ಅಪ್ಪನ್ನು ನಾಲ್ಕು ಹೆಜ್ಜೆಗಳಲ್ಲಿ ಅಡಕಗೊಳಿಸಿದರು. ಈಗ ತಂಡಗಳು ಹೆಚ್ಚಾಗಿ ಇದೇ ದಾರಿಯಲ್ಲಿ ನಡೆಯುತ್ತವೆ. ನಮ್ಮ ಅಂಗಳಕ್ಕೆ ಹೊಂದಿಸಿ ಹೇಳುವುದಾದರೆ: ಮೊದಲ ನಾಲ್ಕೈದು ನಿಮಿಷ ಕೋರ್ಟಿನ ಸುತ್ತ ಹಗುರ ಓಟ, ಅಡ್ಡಹೆಜ್ಜೆ, ಹಿಂದಡಿ, ಉಸಿರು ಬಿರುಸಾಗಿ ಹಣೆಯಲ್ಲಿ ಬೆವರು ಮೂಡಬೇಕು. ಆಮೇಲೆ ನಾಲ್ಕು ನಿಮಿಷ ಒಂಟಿಕಾಲ ನಿಲುವು, ಬಾಗಿ ಏಳುವುದು, ಮುಂದಡಿಯಿಟ್ಟು ಕುಗ್ಗುವುದು. ಮೂರನೆಯದಾಗಿ ಕಾಲು ಬೀಸುವುದು, ಸೊಂಟ ತಿರುಗಿಸುವುದು, ತೋಳು ಸುತ್ತುವುದು. ಯಾವುದನ್ನೂ ಎಳೆದು ಹಿಡಿಯದೆ ಚಲಿಸುತ್ತಲೇ ಮಾಡಬೇಕು. ಕೊನೆಯಲ್ಲಿ ಆಟದ ವೇಗಕ್ಕೇ ಏರಿ ಕೆಲವು ಓಟ, ಕೆಲವು ಜಿಗಿತ, ಮೆತ್ತಗೆ ಇಳಿತ, ಬಳಿಕ ಚೆಂಡು. ಒಟ್ಟು ಹದಿನೈದು ನಿಮಿಷ. ಇದಾಗಿ ಐದು ನಿಮಿಷದೊಳಗೆ ಆಟ ಆರಂಭವಾಗಲಿ. ಬೆಂಚಿನಲ್ಲಿರುವವರು ಆಗಾಗ ಎದ್ದು ಓಡಲಿ.

ನಮ್ಮ ಹವೆಗೆ ಒಂದು ಎಚ್ಚರಿಕೆಯೂ ಬೇಕು. ಇವುಗಳಲ್ಲಿ ಹೆಚ್ಚಿನ ಅಧ್ಯಯನಗಳು ತಣ್ಣನೆಯ ದೇಶಗಳವು. ಮಾರ್ಚ್ ತಿಂಗಳ ಮಧ್ಯಾಹ್ನ, ಕಡಲಿನ ಹಸಿಗಾಳಿಯಲ್ಲಿ, ಮೈ ಬಿಸಿಯಾಗಲು ಹೆಚ್ಚು ಹೊತ್ತು ಬೇಡ. ಅಗತ್ಯಕ್ಕಿಂತ ಉದ್ದಕ್ಕೆ ಎಳೆದರೆ ಆಟಕ್ಕೆ ಮೊದಲೇ ದಣಿವು. ನೆರಳಲ್ಲಿ ಮಾಡಿಸಿ, ನೀರು ಕುಡಿಸಿ. ನವೆಂಬರ್, ಡಿಸೆಂಬರಿನ ಮುಂಜಾನೆ ಮಾತ್ರ ಪೂರ್ತಿ ಹದಿನೈದು ನಿಮಿಷ ಬೇಕೇ ಬೇಕು.

ಗಡಿನಾಡಿನ ಕನ್ನಡ ಶಾಲೆಗಳಿಗೆ ಒಳಾಂಗಣ ಕ್ರೀಡಾಂಗಣ ಕಟ್ಟಿಕೊಳ್ಳುವುದು ಸುಲಭವಲ್ಲ. ಮಕ್ಕಳ ಸಂಖ್ಯೆ ಇಳಿದಾಗ ಆಟದ ಮಾಷ್ಟ್ರ ಹುದ್ದೆಯ ಬಗ್ಗೆಯೇ ಮೊದಲು ಪ್ರಶ್ನೆ ಏಳುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಡ್ರಿಲ್ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಅಧ್ಯಾಪಕರಲ್ಲಿಯೂ ರಕ್ಷಕರಲ್ಲಿಯೂ ನನ್ನ ವಿನಂತಿ ಇಷ್ಟೆ: ಆ ಹದಿನೈದು ನಿಮಿಷಕ್ಕೆ ಹಣ ಬೇಡ, ಯಂತ್ರ ಬೇಡ, ಒಬ್ಬರು ನಿಂತು ಎಣಿಸಿದರೆ ಸಾಕು. ಪಂದ್ಯದ ದಿನ ಮಾತ್ರವಲ್ಲ, ವಾರದಲ್ಲಿ ಮೂರು ದಿನವಾದರೂ ಅದು ನಡೆಯಲಿ.

ಕಳೆದ ವಾರ ಸಂಜೆ ಅಂಗಳದ ಬದಿಯಲ್ಲಿ ನಿಂತಿದ್ದೆ. ಹುಡುಗಿಯರು ಎರಡು ಸಾಲಾಗಿ ಓಡುತ್ತಿದ್ದರು. ಎಂಟನೆಯ ತರಗತಿಯ ಒಬ್ಬಳು ಎದುರು ನಿಂತು ಗಟ್ಟಿಯಾಗಿ ಎಣಿಸುತ್ತಿದ್ದಳು: ಒಂದು, ಎರಡು, ಮೂರು, ನಾಲ್ಕು. ಅವಳು ಆ ತಾಯಿಯ ಮಗಳು. ಚೆಂಡು ಕಂಬದ ಬುಡದಲ್ಲಿ ಕಾಯುತ್ತಿತ್ತು.